ನಿಮ್ಮದು ಅರವತ್ತು–ನಲವತ್ತಾ?

ಬಿ.ಕಾಂ., ಬಿಬಿಎ ಓದಿದವರಿಗೆಲ್ಲ 'ಕಸ್ಟಮರ್ ರಿಲೇಶನ್‌ಶಿಪ್ ಮ್ಯಾನೇಜ್‌ಮೆಂಟ್' ಎಂಬ ಪಾಠ ನೆನಪಿರುತ್ತದೆ. ಗ್ರಾಹಕ ಯಾರು, ಏನು ಕೊಂಡ, ಮತ್ತೆ ಯಾವಾಗ ಬರಬಹುದು ಎಂದು ಬರೆದಿಟ್ಟುಕೊಳ್ಳುವ ವಿದ್ಯೆ ಅದು. ಪರೀಕ್ಷೆಯಲ್ಲಿ ಹತ್ತು ಅಂಕಕ್ಕೆ ಗ್ಯಾರಂಟಿ. ಅದಕ್ಕಾಗಿ ದುಬಾರಿ ಸಾಫ್ಟ್‌ವೇರ್‌ಗಳಿವೆ, ಅದನ್ನು ಮಾರುವ ಕಂಪನಿಗಳಲ್ಲಿ ನನ್ನ ಇಬ್ಬರು ಗೆಳೆಯರಿಗೆ ಕೆಲಸವೂ ಸಿಕ್ಕಿದೆ. ಚಾಮರಾಜಪೇಟೆಯಲ್ಲಿರುವ ನಮ್ಮ ದೊಡ್ಡಪ್ಪನ ಕಾಫಿಪುಡಿ ಅಂಗಡಿಯಲ್ಲಿ ಈ ಸಾಫ್ಟ್‌ವೇರ್ ಕೆಂಪು ರಟ್ಟಿನ ಉದ್ದನೆಯ ಪುಸ್ತಕದ ರೂಪದಲ್ಲಿದೆ. ತೂಕದ ಯಂತ್ರದ ಪಕ್ಕ ದಾರ ಕಟ್ಟಿ ನೇತುಹಾಕಿದ್ದಾರೆ.

ಡಿಗ್ರಿ ಮುಗಿಸಿ, ಅಪ್ಲಿಕೇಶನ್ ಹಾಕುತ್ತಾ, ಬೆಳಗಿನ ಹೊತ್ತು ಅಲ್ಲಿ ಕೂರುತ್ತೇನೆ. ಪುಸ್ತಕದಲ್ಲಿ ಹೆಸರುಗಳು ಕಡಿಮೆ. 'ಮೂರನೇ ಕ್ರಾಸ್ ಮೇಷ್ಟ್ರು', 'ಹಸಿರು ಗೇಟು', 'ಬ್ಯಾಂಕಿನ ಅಕ್ಕ', 'ಎರಡು ನಾಯಿ' ಎಂಬಂಥ ಗುರುತುಗಳು. ಪ್ರತಿಯೊಂದರ ಎದುರು ಒಂದು ಲೆಕ್ಕ: ಪಿಬಿ 60, ಪ್ಲಾಂಟೇಶನ್ 40, ಚಿಕೋರಿ ಇಲ್ಲ. ಇನ್ನೊಂದು: ಅರೇಬಿಕಾ 50, ರೊಬಸ್ಟಾ 50, ಮೇಲೆ ಚಿಕೋರಿ, ಸ್ವಲ್ಪ ಕಪ್ಪಗೆ ಹುರಿದದ್ದು. ಕೆಲವು ಸಾಲುಗಳ ಅಂಚಿನಲ್ಲಿ 'ಮಗಳ ಮದುವೆ, ಐದು ಕೆಜಿ' ಎಂದೋ, 'ಡಾಕ್ಟ್ರು ಕಡಿಮೆ ಮಾಡಲು ಹೇಳಿದ್ದಾರೆ, ಕಾಲು ಕೆಜಿ' ಎಂದೋ ಬರೆದಿದೆ. ಹಳಬರು ಅಂಗಡಿಗೆ ಬಂದರೆ ದೊಡ್ಡಪ್ಪ ಪುಸ್ತಕ ತೆರೆಯುವುದೂ ಇಲ್ಲ. "ನಿಮ್ಮದು ಅರವತ್ತು–ನಲವತ್ತಲ್ವಾ?" ಎಂದು ಕೇಳುವಷ್ಟರಲ್ಲಿ ಬೀಜ ತಕ್ಕಡಿಯಲ್ಲಿರುತ್ತದೆ.

ಗೊತ್ತಿಲ್ಲದವರಿಗೆ ಸ್ವಲ್ಪ ವಿವರ. ಕಾಫಿ ಹಣ್ಣಿನಲ್ಲಿ ಸಾಮಾನ್ಯವಾಗಿ ಎರಡು ಬೀಜಗಳಿರುತ್ತವೆ, ಒಂದೊಂದರ ಒಂದು ಬದಿ ಚಪ್ಪಟೆ. ಕೆಲವು ಹಣ್ಣುಗಳಲ್ಲಿ ಒಂದೇ ಬೀಜ ಬೆಳೆದು ದುಂಡಗಾಗುತ್ತದೆ. ಅದೇ ಪಿಬಿ, ಅಂದರೆ ಪೀಬೆರಿ. ತಿರುಳು ತೆಗೆದು ತೊಳೆದು ಒಣಗಿಸಿದ ಅರೇಬಿಕಾ ಬೀಜಕ್ಕೆ ಪ್ಲಾಂಟೇಶನ್ ಎನ್ನುತ್ತಾರೆ. ಪರಿಮಳಕ್ಕೆ ಅರೇಬಿಕಾ, ಡಿಕಾಕ್ಷನ್ ಗಟ್ಟಿ ಬರಲು ರೊಬಸ್ಟಾ. ಚಿಕೋರಿ ಕಾಫಿಯೇ ಅಲ್ಲ, ಒಂದು ಗಿಡದ ಬೇರನ್ನು ಹುರಿದು ಮಾಡಿದ ಪುಡಿ. ಅದನ್ನು ಬೆರೆಸಿದ ಪುಡಿಯಲ್ಲಿ ಕನಿಷ್ಠ 51 ಭಾಗವಾದರೂ ಕಾಫಿ ಇರಬೇಕು, ಎಷ್ಟು ಚಿಕೋರಿ ಇದೆ ಎಂದು ಪೊಟ್ಟಣದ ಮೇಲೆ ಹೇಳಬೇಕು ಎಂಬುದು ನಿಯಮ. ಮುಂದಿನ ಸಲ ಸೂಪರ್ ಮಾರ್ಕೆಟ್ಟಿನಲ್ಲಿ ಪ್ಯಾಕೆಟ್ ತಿರುಗಿಸಿ ಓದಿ ನೋಡಿ, ನೀವು ಕುಡಿಯುತ್ತಿರುವುದು ಏನೆಂದು ಗೊತ್ತಾಗುತ್ತದೆ.

ನಮ್ಮ ವಯಸ್ಸಿನವರಿಗೆ ಇಂದಿರಾನಗರದ ಕ್ರಾಫ್ಟ್ ಬ್ರೂವರಿಗಳು ಚೆನ್ನಾಗಿ ಗೊತ್ತು. ಅಲ್ಲಿ ಬಿಯರ್ ತಯಾರಾಗುವ ತಾಮ್ರದ, ಸ್ಟೀಲಿನ ದೊಡ್ಡ ಪಾತ್ರೆಗಳು ಗಾಜಿನಾಚೆ ಕಾಣುತ್ತವೆ. ಮಾಡಿದವರನ್ನೇ ಮಾತಾಡಿಸಬಹುದು. ಅಮೆರಿಕದ ಅನೇಕ ಸಣ್ಣ ಬ್ರೂವರಿಗಳಲ್ಲಿ 'ಮಗ್ ಕ್ಲಬ್' ಇದೆಯಂತೆ: ಸದಸ್ಯನಾದರೆ ನಿಮ್ಮ ನಂಬರಿನ ಮಗ್ ಗೋಡೆಯ ಮೇಲೆ ತೂಗುತ್ತದೆ, ಹೋದಾಗಲೆಲ್ಲ ಅದರಲ್ಲೇ ಕೊಡುತ್ತಾರೆ. ಗ್ರಾಹಕರನ್ನು ಹಿಡಿದಿಡಲು ಇದು ಹೊಸ ಉಪಾಯ ಎಂದು ಯೂಟ್ಯೂಬಿನಲ್ಲಿ ಪಾಠ ಮಾಡುತ್ತಾರೆ. ಚಾಮರಾಜಪೇಟೆಯ ಪುಸ್ತಕದಲ್ಲಿ 'ಹಸಿರು ಗೇಟು' ಎಂದು ಬರೆದಿರುವುದೂ ಇಂಥದೇ ಒಂದು ಮಗ್.

ಇಲ್ಲೊಂದು ಗುಟ್ಟಿದೆ, ಅದು ಯಾವ ಪಠ್ಯಪುಸ್ತಕದಲ್ಲೂ ನನಗೆ ಸಿಗಲಿಲ್ಲ. ಬೀಸಿದ ಕಾಫಿಪುಡಿ ಬಾಳುವುದಿಲ್ಲ. ಎರಡು ವಾರ ಕಳೆದರೆ ಪರಿಮಳ ಇಳಿದುಹೋಗುತ್ತದೆ. ಹಾಗಾಗಿ ಬುದ್ಧಿವಂತ ಗ್ರಾಹಕ ಎರಡು ಕೆಜಿ ಒಟ್ಟಿಗೆ ಒಯ್ಯುವುದಿಲ್ಲ, ಅರ್ಧ ಕೆಜಿ ಒಯ್ದು ಮತ್ತೆ ಬರುತ್ತಾನೆ. ಯಾರಾದರೂ ಹೆಚ್ಚು ಕೇಳಿದರೆ ದೊಡ್ಡಪ್ಪನೇ ಬೇಡ ಎನ್ನುತ್ತಾರೆ. ಮೊದಲ ಸಲ ಇದನ್ನು ಕೇಳಿದಾಗ, ವ್ಯಾಪಾರ ಬಿಟ್ಟುಕೊಡುವ ಇವರೆಂಥ ವ್ಯಾಪಾರಿ ಅನ್ನಿಸಿತ್ತು. ಆದರೆ ವರ್ಷಕ್ಕೆ ಇಪ್ಪತ್ತು ಸಲ ಎದುರಿಗೆ ನಿಲ್ಲುವ ಮನುಷ್ಯ ಬರೀ ಗ್ರಾಹಕನಾಗಿ ಉಳಿಯುವುದು ಕಷ್ಟ. ತಾಜಾ ಕುಡಿಯಬೇಕಾದ ಬಿಯರಿಗೂ ಇದೇ ನ್ಯಾಯ.

ಈ ಹಳೆಯ ಬಡಾವಣೆಗಳಲ್ಲಿ ಇದಕ್ಕೆ ಬೇಕಾದಷ್ಟು ಸಾಕ್ಷಿಗಳಿವೆ. ಚಾಮರಾಜಪೇಟೆ ಶುರುವಾದದ್ದು 1892ರಲ್ಲಿ. ಪ್ಲೇಗ್ ಬಂದ ಕಾಲದಲ್ಲಿ ಬಸವನಗುಡಿ, ಮಲ್ಲೇಶ್ವರ ಬೆಳೆದವು. ಹತ್ತಿರದ ವಿದ್ಯಾರ್ಥಿಗಳಿಗೆಂದು 1943ರಲ್ಲಿ ಗಾಂಧಿಬಜಾರಿನಲ್ಲಿ ತೆರೆದ ವಿದ್ಯಾರ್ಥಿ ಭವನದಲ್ಲಿ ಇಂದಿಗೂ ಶುಕ್ರವಾರ ರಜೆ. ಭಾನುವಾರದ ಸಾಲು ನೋಡಿದವರು ಒಂದು ದಿನವಾದರೂ ಯಾಕೆ ಮುಚ್ಚುತ್ತಾರೆ ಎನ್ನಬಹುದು, ಅಲ್ಲಿ ನಿತ್ಯ ಹೋಗುವವರು ಕೇಳುವುದಿಲ್ಲ. ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್‌ನಲ್ಲಿ 1965ರಿಂದಲೂ ತಿಂಡಿಯ ಪಟ್ಟಿ ಒಂದು ಕೈಬೆರಳಲ್ಲಿ ಎಣಿಸುವಷ್ಟು. ಸಾಂಬಾರ್ ಇಲ್ಲವೇ ಇಲ್ಲ. ಆದರೆ ಚಟ್ನಿ ಎಷ್ಟು ಸಲ ಕೇಳಿದರೂ ಹಾಕುತ್ತಾರೆ, ಯಾರೂ ಮುಖ ನೋಡುವುದಿಲ್ಲ. ಲಾಲ್‌ಬಾಗ್ ರಸ್ತೆಯ ಎಂಟಿಆರ್‌ನ ಯಜ್ಞನಾರಾಯಣ ಮಯ್ಯ 1951ರಲ್ಲಿ ಯುರೋಪಿಗೆ ಹೋಗಿ ಅಲ್ಲಿನ ಹೋಟೆಲುಗಳ ಶುಚಿತ್ವ ನೋಡಿ ಬಂದವರು. ಬಂದವರು ಅಡುಗೆಮನೆ ನೋಡಿಕೊಂಡೇ ಊಟಕ್ಕೆ ಕೂರಬಹುದಾಗಿತ್ತು. ಮಲ್ಲೇಶ್ವರದ ಸಿಟಿಆರ್ ಹೆಸರು ಬದಲಾಗಿ 'ಶ್ರೀ ಸಾಗರ್' ಆಗಿ ಎಷ್ಟೋ ಕಾಲವಾಯಿತು, ಜನ ಮಾತ್ರ ಒಪ್ಪಿಕೊಂಡಿಲ್ಲ. ಬೋರ್ಡಿನ ಮೇಲಿನ ಹೆಸರನ್ನು ಮಾಲೀಕ ಬದಲಾಯಿಸಬಹುದು, ಬೆಣ್ಣೆ ದೋಸೆ ತಿನ್ನುವವರ ಬಾಯಲ್ಲಿರುವುದನ್ನು ಹೇಗೆ ಬದಲಾಯಿಸುತ್ತಾರೆ?

ಇಷ್ಟೆಲ್ಲ ಇದ್ದೂ ನಮ್ಮ ಅಂಗಡಿ ಕಷ್ಟದಲ್ಲಿದೆ. ಕಳೆದ ಎರಡು ವರ್ಷಗಳಲ್ಲಿ ಬೀಜದ ಬೆಲೆ ಹಿಂದೆಂದೂ ಕಾಣದ ಎತ್ತರಕ್ಕೆ ಹೋಯಿತು. ಬ್ರೆಜಿಲ್‌ನಲ್ಲಿ ಬರ ಬಂದರೆ ಚಾಮರಾಜಪೇಟೆಯ ಮೇಷ್ಟ್ರ ಲೋಟ ಚಿಕ್ಕದಾಗುತ್ತದೆ ಎಂದು ನನಗೆ ಅರ್ಥವಾದದ್ದು ಆಗಲೇ. ದೊಡ್ಡಪ್ಪನಿಗೆ ಅರವತ್ತೆಂಟು. ಅವರ ಮಗ ಹೊರದೇಶದಲ್ಲಿದ್ದಾನೆ, ವಾಪಸ್ ಬರುವ ಮಾತಿಲ್ಲ. ಹಳೆಯ ಮನೆಗಳು ಒಡೆದು ಅಪಾರ್ಟ್‌ಮೆಂಟ್ ಆಗುತ್ತಿವೆ. 'ಹಸಿರು ಗೇಟಿ'ನ ಕುಟುಂಬ ರಾಜರಾಜೇಶ್ವರಿ ನಗರಕ್ಕೆ ಹೋಗಿದೆ. ಗೇಟೂ ಇಲ್ಲ.

ಹತ್ತು ನಿಮಿಷದಲ್ಲಿ ಮನೆಗೆ ಸಾಮಾನು ತಲುಪಿಸುವ ಆ್ಯಪಿನವರೊಬ್ಬರು ಬಂದು, ನಮ್ಮ ಪುಡಿಯನ್ನು ಪೊಟ್ಟಣ ಕಟ್ಟಿ ಕೊಟ್ಟರೆ ತಾವು ಮಾರುವುದಾಗಿ ಹೇಳಿದರು. ಕಮಿಷನ್ ಲೆಕ್ಕ ಹಾಕಿದೆ, ತೀರಾ ಅಸಾಧ್ಯವೇನಲ್ಲ. ಆದರೆ ಎರಡು ತೊಂದರೆಗಳಿದ್ದವು. ಒಂದು, ಅವರಿಗೆ ಒಂದೇ ಬಗೆಯ ಮಿಶ್ರಣ ಬೇಕು. ಅಂದರೆ ಅರವತ್ತು–ನಲವತ್ತೂ ಇಲ್ಲ, ಐವತ್ತು–ಐವತ್ತೂ ಇಲ್ಲ. ಎರಡು, ಕೊಂಡವರು ಯಾರೆಂದು ನಮಗೆ ತಿಳಿಯುವುದಿಲ್ಲ. ಊಟ ತಲುಪಿಸುವ ಆ್ಯಪ್‌ಗಳು ಗ್ರಾಹಕರ ಫೋನ್ ನಂಬರ್ ಕೊಡುವುದಿಲ್ಲ ಎಂದು ಹೋಟೆಲಿನವರು ವರ್ಷಗಳಿಂದ ದೂರುತ್ತಿರುವುದು ಇದನ್ನೇ. ಆ್ಯಪ್ ಬೇಡ ಎಂದು ಹಟ ಹಿಡಿಯುವವನು ನಾನಲ್ಲ. ಆದರೆ ಕೆಂಪು ಪುಸ್ತಕವನ್ನು ಬೇರೆಯವರ ಕೈಗೆ ಕೊಟ್ಟ ಮೇಲೆ ನಮ್ಮ ಹತ್ತಿರ ಉಳಿಯುವುದು ಹುರಿಯುವ ಯಂತ್ರ ಮಾತ್ರ.

ಹಾಗಾಗಿ ಈ ಮಳೆಗಾಲದಲ್ಲಿ ಬೇರೆ ದಾರಿ ಹಿಡಿದೆವು. ಪುಸ್ತಕದಲ್ಲಿದ್ದವರನ್ನು ಒಬ್ಬೊಬ್ಬರನ್ನೇ ಕೇಳಿ, ಒಪ್ಪಿದವರ ನಂಬರ್ ಬರೆದುಕೊಂಡೆ. ಮಂಗಳವಾರ, ಶುಕ್ರವಾರ ಬೀಜ ಹುರಿಯುತ್ತೇವೆ. ಹಿಂದಿನ ಸಂಜೆ ವಾಟ್ಸ್‌ಆ್ಯಪಿನಲ್ಲಿ ಒಂದೇ ಸಾಲು: 'ನಾಳೆ ಹುರಿಯುತ್ತೇವೆ, ನಿಮ್ಮದು ಎಂದಿನಂತೆಯೇ?' ಗುಡ್ ಮಾರ್ನಿಂಗ್ ಹೂವಿನ ಚಿತ್ರ ಇಲ್ಲ, ಆಫರ್ ಇಲ್ಲ. 'ಹೂಂ' ಎಂದು ಉತ್ತರ ಬಂದರೆ ಸಾಕು. ದೂರ ಹೋದವರಿಗೆ ಕೊರಿಯರ್. ಹಸಿರು ಗೇಟಿನವರು ತಿಂಗಳಿಗೆರಡು ಸಲ ತರಿಸುತ್ತಾರೆ. ಇನ್ನು ಕೆಲವರು ಮೆಟ್ರೊ ಹತ್ತಿ ಕೆ.ಆರ್. ಮಾರುಕಟ್ಟೆಯಲ್ಲಿ ಇಳಿದು ನಡೆದೇ ಬರುತ್ತಾರೆ. ಪುಡಿಗಿಂತ ಹೆಚ್ಚಾಗಿ ಹುರಿಯುವ ವಾಸನೆಗೆ ಬರುತ್ತಾರೆ ಎಂದು ನನ್ನ ಅನುಮಾನ.

ಹೊಸಬರು ಬಂದರೆ ಮೂರು ಮಿಶ್ರಣ ನೂರು ನೂರು ಗ್ರಾಂ ಕೊಟ್ಟು, ಯಾವುದು ಹಿಡಿಸಿತು ಎಂದು ಹೇಳಲು ಮತ್ತೆ ಬನ್ನಿ ಎನ್ನುತ್ತೇನೆ. ಹತ್ತಿರದ ಪಿಜಿಯ ನಾಲ್ಕು ಹುಡುಗಿಯರು ಸೇರಿ ಒಂದು ಫಿಲ್ಟರ್ ಕೊಂಡಿದ್ದಾರೆ. ಅವರಲ್ಲಿ ಇಬ್ಬರು ಉತ್ತರ ಭಾರತದವರು, ಚಹಾ ಕುಡಿದು ಬೆಳೆದವರು. ಚಿಕೋರಿ ಎಷ್ಟಿರಬೇಕು ಎಂದು ನಾಲ್ವರಲ್ಲಿ ಇನ್ನೂ ಒಮ್ಮತವಾಗಿಲ್ಲ.

ಲೆಕ್ಕ ಹೇಳುವುದಾದರೆ, ಅಂಗಡಿಯ ಬಾಡಿಗೆ, ಕರೆಂಟು, ಬೀಜದ ಸಾಲ ಕಳೆದು ಉಳಿಯುವುದು ನನ್ನ ಗೆಳೆಯರ ಮೊದಲ ಸಂಬಳಕ್ಕಿಂತ ಕಡಿಮೆ. ಎಲೆಕ್ಟ್ರಾನಿಕ್ ಸಿಟಿಯ ಒಂದು ಕಂಪನಿಯ ಆಫರ್ ಲೆಟರ್ ನನ್ನ ಮೇಲ್‌ನಲ್ಲಿದೆ. ಉತ್ತರ ಕೊಡಲು ತಿಂಗಳಾಂತ್ಯದವರೆಗೆ ಸಮಯ. ದೊಡ್ಡಪ್ಪ ಇದರ ಬಗ್ಗೆ ಏನೂ ಕೇಳಿಲ್ಲ. ಕಳೆದ ಶುಕ್ರವಾರ ಮಾತ್ರ, ಹೊಸ ಪುಸ್ತಕವೊಂದನ್ನು ತಂದು, ಹಳೆಯದರಿಂದ ಪ್ರತಿ ಮಾಡಲು ನನ್ನ ಕೈಗೆ ಕೊಟ್ಟರು. 'ಪಿಜಿ ಹುಡುಗಿಯರು' ಎಂಬ ಸಾಲಿನ ಮುಂದೆ ಚಿಕೋರಿಯ ಜಾಗ ಖಾಲಿ ಬಿಟ್ಟಿದ್ದೇನೆ.