ಒಂದು ಹೆಚ್ಚಿನ ತಂತು

ಬುದ್ಧಿಯ ಬೆಳವಣಿಗೆ ನಿಧಾನವಾದ ಮಗುವೊಂದು ಮನೆಯಲ್ಲಿ ಜನಿಸಿದರೆ, ತಪ್ಪನ್ನು ತಾಯಿಯ ಮೇಲೆ ಹೊರಿಸುವ ರೂಢಿಯು ನಮ್ಮ ನಾಡಿನಲ್ಲಿ ಬಹುಕಾಲದಿಂದ ನಡೆದುಬಂದಿದೆ. ಗ್ರಹಣಕಾಲದಲ್ಲಿ ಆಕೆ ಹೊರಗೆ ಬಂದಳೆಂದು ಕೆಲವರು, ಪಥ್ಯವನ್ನು ಪಾಲಿಸಲಿಲ್ಲವೆಂದು ಕೆಲವರು ಹೇಳುವರು. ಈ ಶಾಲೆಯಲ್ಲಿ ಕಲಿತು ಇಂದು ತಾಯಂದಿರೂ ಅಜ್ಜಿಯರೂ ಆಗಿರುವ ಸೋದರಿಯರ ಕಿವಿಗೂ ಇಂತಹ ಮಾತು ಬಿದ್ದಿರಬಹುದು. ಆದುದರಿಂದ ಡೌನ್ ಸಿಂಡ್ರೋಮ್ ಎಂಬ ಸ್ಥಿತಿಯ ನಿಜವಾದ ಕಾರಣವನ್ನು ಇಲ್ಲಿ ತಿಳಿಸಲಿಚ್ಛಿಸುತ್ತೇವೆ.

ನಮ್ಮ ಶರೀರದ ಜೀವಕೋಶಗಳೊಳಗೆ ದಾರದಂತಹ ಸೂಕ್ಷ್ಮ ವರ್ಣತಂತುಗಳಿರುವುವು. ತಂದೆತಾಯಿಗಳ ಗುಣಗಳು ಮಕ್ಕಳಿಗೆ ಇಳಿಯುವುದು ಇವುಗಳ ಮೂಲಕವೇ. ಮನುಷ್ಯನಲ್ಲಿ ಇವು 48 ಎಂದು ಪಂಡಿತರು 30 ವರ್ಷಗಳಿಗೂ ಹೆಚ್ಚು ಕಾಲ ನಂಬಿದ್ದರು. 1955ರ ಕೊನೆಯಲ್ಲಿ ಸ್ವೀಡನ್ ದೇಶದ ಲುಂಡ್ ನಗರದಲ್ಲಿ ಜೋ ಹಿನ್ ಟಿಯೊ ಎಂಬವರು ಎಣಿಸಿ ನೋಡಲಾಗಿ, 46 ಮಾತ್ರವೆಂದು, ಅಂದರೆ 23 ಜೋಡಿಗಳೆಂದು ತಿಳಿಯಿತು.

ಇಂಗ್ಲೆಂಡಿನ ವೈದ್ಯ ಲ್ಯಾಂಗ್ಡನ್ ಡೌನರು ಈ ಮಕ್ಕಳ ಚಹರೆಯನ್ನು 1866ರಲ್ಲಿಯೇ ವರ್ಣಿಸಿದ್ದರು; ಕಾರಣ ಮಾತ್ರ ಮರೆಯಲ್ಲಿಯೇ ಉಳಿದಿತ್ತು. ಅದನ್ನು ಹೊರಗೆಡಹಿದ ಕೆಲಸದಲ್ಲಿ ಒಬ್ಬ ಮಹಿಳೆಯ ಪಾಲು ದೊಡ್ಡದು. ಒಕ್ಕಲು ಮನೆತನದಲ್ಲಿ ಹುಟ್ಟಿದ ಮಾರ್ಟ್ ಗೋತಿಯೆ ಎಂಬ ಫ್ರೆಂಚ್ ವೈದ್ಯೆಯು ಅಮೆರಿಕೆಯಲ್ಲಿ ಜೀವಕೋಶಗಳನ್ನು ಸೀಸೆಯಲ್ಲಿ ಬೆಳೆಸುವ ವಿದ್ಯೆಯನ್ನು ಕಲಿತು, 1956ರಲ್ಲಿ ಪ್ಯಾರಿಸ್ಸಿಗೆ ಮರಳಿದರು. ಆಸ್ಪತ್ರೆಯಲ್ಲಿ ಹಣದ ನೆರವಿರಲಿಲ್ಲ. ಆಕೆ ಸಾಲ ಮಾಡಿ ಗಾಜಿನ ಪಾತ್ರೆಗಳನ್ನು ಕೊಂಡರು. ಕೋಶಗಳ ಪೋಷಣೆಗೆ ಹುಂಜವೊಂದನ್ನು ಸಾಕಿ ಅದರ ರಕ್ತವನ್ನೂ, ಸಾಲದುದಕ್ಕೆ ತಮ್ಮ ರಕ್ತವನ್ನೂ ಬಳಸಿದರು! 1958ರಲ್ಲಿ ಇಂತಹ ಮಗುವಿನ ಕೋಶದಲ್ಲಿ 47 ತಂತುಗಳು ಕಂಡುವು. ಚಿತ್ರ ತೆಗೆಯುವ ಸೂಕ್ಷ್ಮದರ್ಶಕವು ಆಕೆಯಲ್ಲಿರಲಿಲ್ಲವಾಗಿ, ಗಾಜಿನ ಫಲಕಗಳನ್ನು ಸಹೋದ್ಯೋಗಿ ಜೆರೋಮ್ ಲೆಜೇನರಿಗೆ ಕೊಟ್ಟರು. 1959ರ ಜನವರಿಯಲ್ಲಿ ಲೇಖನ ಪ್ರಕಟವಾದಾಗ ಲೆಜೇನರ ಹೆಸರು ಮೊದಲಿತ್ತು. ಗೋತಿಯೆಯವರ ಹೆಸರು ಎರಡನೆಯದಾಗಿ, ಅದೂ ತಪ್ಪಾಗಿ ಅಚ್ಚಾಗಿತ್ತು. ಆಕೆಗೆ ಸಲ್ಲಬೇಕಾದ ಗೌರವವು ಸಲ್ಲತೊಡಗಿದುದು ಇಳಿವಯಸ್ಸಿನಲ್ಲಿ. 2022ರಲ್ಲಿ ಆಕೆ ತೀರಿಕೊಂಡರು.

ಹೆಚ್ಚಿನ ತಂತುವು ಎಲ್ಲಿಂದ ಬರುತ್ತದೆ? ಅಂಡಾಣುವು ಸಿದ್ಧವಾಗುವಾಗ ಪ್ರತಿ ಜೋಡಿಯಿಂದ ಒಂದೊಂದು ತಂತು ಮಾತ್ರ ಅದರಲ್ಲಿ ಉಳಿಯಬೇಕು. ಕೆಲವೊಮ್ಮೆ 21ನೆಯ ಜೋಡಿಯು ಬೇರ್ಪಡದೆ ಎರಡೂ ತಂತುಗಳು ಒಟ್ಟಿಗೆ ಉಳಿಯುತ್ತವೆ. ತಂದೆಯದು ಸೇರಿದಾಗ ಮೂರಾಗುವುವು. ಕೆಲವು ಸಲ ಈ ಎಡವು ತಂದೆಯ ಕಡೆಯಲ್ಲಿಯೇ ಸಂಭವಿಸುವುದೂ ಉಂಟು. ಸ್ತ್ರೀಯ ಅಂಡಾಣುಗಳ ವಿಭಜನೆಯು ಆಕೆ ತನ್ನ ತಾಯಿಯ ಗರ್ಭದಲ್ಲಿರುವಾಗಲೇ ಆರಂಭವಾಗಿ, ನಡುವೆ ನಿಂತು, ಎಷ್ಟೋ ವರ್ಷಗಳ ತರುವಾಯ ಮುಂದುವರಿಯುವುದು. ವಯಸ್ಸಾದಂತೆ ಎಡವುವುದು ಹೆಚ್ಚು. 25 ವರ್ಷದ ತಾಯಂದಿರಲ್ಲಿ ಸುಮಾರು 1,250 ಹೆರಿಗೆಗೆ ಒಂದಾದರೆ, 40ರಲ್ಲಿ ಸುಮಾರು 100ಕ್ಕೆ ಒಂದು. ಗ್ರಹಣಕ್ಕೂ ಊಟಕ್ಕೂ ಇದರಲ್ಲಿ ಏನೂ ಪಾತ್ರವಿಲ್ಲ.

ಹೆಚ್ಚಿನ ತಂತುವನ್ನು ತೆಗೆದುಹಾಕುವ ಔಷಧವಿಲ್ಲ. ಆದರೆ ಇಂತಹ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಹುಟ್ಟಿನಿಂದಲೇ ಹೃದಯದ ದೋಷವಿರುವುದರಿಂದ, ಬೇಗನೆ ಪರೀಕ್ಷೆ ಮಾಡಿಸಬೇಕು. ಅನೇಕ ದೋಷಗಳನ್ನು ಶಸ್ತ್ರಕ್ರಿಯೆಯಿಂದ ಸರಿಪಡಿಸಬಹುದು. ಕಿವಿ, ಕಣ್ಣು, ಥೈರಾಯ್ಡ್ ಗ್ರಂಥಿಗಳನ್ನೂ ನೋಡಿಸತಕ್ಕದ್ದು. ಒಳ್ಳೆಯ ವೈದ್ಯಸಹಾಯವಿರುವ ದೇಶಗಳಲ್ಲಿ ಇವರು ಈಗ ಸುಮಾರು 60 ವರ್ಷ ಬಾಳುವರು.

ನೂರರಲ್ಲಿ ಮೂರು ನಾಲ್ಕು ಮಕ್ಕಳಲ್ಲಿ ಮಾತ್ರ ಹೆಚ್ಚಿನ ತಂತುವು ಬಿಡಿಯಾಗಿರದೆ ಬೇರೊಂದಕ್ಕೆ ಅಂಟಿಕೊಂಡಿರುವುದು. ಇಂತಹ ಸಂದರ್ಭದಲ್ಲಿ ತಂದೆಯೋ ತಾಯಿಯೋ ಆರೋಗ್ಯವಾಗಿದ್ದೇ ಅದನ್ನು ಹೊತ್ತಿರಬಹುದು. ಆದುದರಿಂದ ಮತ್ತೊಂದು ಮಗುವನ್ನು ಬಯಸುವ ಮುನ್ನ ಇಬ್ಬರ ರಕ್ತವನ್ನೂ ಪರೀಕ್ಷೆ ಮಾಡಿಸುವರು.