ಬೌದ್ಧಿಕ ವಿಕಲತೆಯುಳ್ಳ ಯುವಜನರು ಮತ್ತು ನಮ್ಮ ಉದ್ದಿಮೆಗಳು

ಬೌದ್ಧಿಕ ವಿಕಲತೆಯುಳ್ಳ ಮಕ್ಕಳಲ್ಲಿ ಅನೇಕರು ಹದಿನೆಂಟರ ಆಸುಪಾಸಿನಲ್ಲಿ ವಿಶೇಷ ಶಾಲೆಯನ್ನು ಬಿಟ್ಟು ಮನೆಯಲ್ಲಿಯೇ ಉಳಿಯುತ್ತಾರೆ. ಕಲಿತದ್ದೂ ಕ್ರಮೇಣ ಮರೆತುಹೋಗುತ್ತದೆ. ತಮ್ಮ ಕಾಲಾನಂತರ ಮಗುವಿನ ಗತಿಯೇನೆಂಬುದು ತಂದೆತಾಯಿಯರ ನಿತ್ಯದ ಚಿಂತೆ. ಈ ಚಿಂತೆಯನ್ನು ಹಗುರಗೊಳಿಸುವಲ್ಲಿ ಸಣ್ಣ ಉದ್ದಿಮೆದಾರರ ಪಾತ್ರ ದೊಡ್ಡದು.

ಬೌದ್ಧಿಕ ವಿಕಲತೆಯು ಮಾನಸಿಕ ಕಾಯಿಲೆಯಲ್ಲ. ಕಲಿಕೆ ನಿಧಾನವಾಗಿರುತ್ತದೆ, ಆದರೆ ಅಸಾಧ್ಯವಲ್ಲ.

ಕಾನೂನು ಏನು ಹೇಳುತ್ತದೆ?

2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯು ಸರ್ಕಾರಿ ಹುದ್ದೆಗಳಲ್ಲಿ ಶೇ. 4ರಷ್ಟು ಮೀಸಲಾತಿ ನೀಡಿದೆ. ಅದರಲ್ಲಿ ಶೇ. 1ನ್ನು ಇವರು ಆಟಿಸಂ, ಮಾನಸಿಕ ಅಸ್ವಸ್ಥತೆ ಮುಂತಾದ ಇತರ ವರ್ಗಗಳೊಡನೆ ಹಂಚಿಕೊಳ್ಳಬೇಕು. ಖಾಸಗಿ ಸಂಸ್ಥೆಗಳಿಗೆ ಕಡ್ಡಾಯ ಮೀಸಲಾತಿಯಿಲ್ಲ. ಆದರೆ ತಮ್ಮ ನೌಕರರಲ್ಲಿ ಕನಿಷ್ಠ ಶೇ. 5ರಷ್ಟು ವಿಕಲಚೇತನರಿರುವಂತೆ ಸರ್ಕಾರವು ಪ್ರೋತ್ಸಾಹ ನೀಡಬೇಕೆಂದು 35ನೆಯ ಕಲಮು ಹೇಳುತ್ತದೆ.

ತರಬೇತಿಯ ಕ್ರಮ

ಸಿದ್ಧ ಕೆಲಸಗಾರನನ್ನು ಹುಡುಕುವ ಬದಲು ಕೆಲಸವನ್ನೇ ಚಿಕ್ಕ ಹಂತಗಳಾಗಿ ವಿಂಗಡಿಸುವುದು ಇಲ್ಲಿನ ಮುಖ್ಯ ಸೂತ್ರ. ಊದುಬತ್ತಿಯ ಪ್ಯಾಕಿಂಗ್ ಅನ್ನು ಉದಾಹರಣೆಯಾಗಿ ನೋಡೋಣ. ಇಪ್ಪತ್ತು ಕಡ್ಡಿಗಳನ್ನು ಎಣಿಸಲಾರದ ಯುವಕನಿಗೆ ಇಪ್ಪತ್ತು ಗೀರುಗಳಿರುವ ಹಲಗೆಯೊಂದನ್ನು ಕೊಡಿರಿ. ಗೀರುಗಳೆಲ್ಲ ತುಂಬಿದರೆ ಲೆಕ್ಕ ಸರಿಯಾಯಿತು. ಕಡ್ಡಿ ಜೋಡಿಸುವುದು, ಪೊಟ್ಟಣಕ್ಕೆ ಸೇರಿಸುವುದು, ಮುಚ್ಚುವುದು – ಒಂದು ಹಂತ ಕೈಗೆ ಹತ್ತಿದ ಬಳಿಕವೇ ಮುಂದಿನದು.

ಶಾಲೆಯ ಕೊಠಡಿಯಲ್ಲಿ ಕಲಿತದ್ದು ಕಾರ್ಖಾನೆಯಲ್ಲಿ ತಾನಾಗಿಯೇ ನೆನಪಿಗೆ ಬಾರದು. ಆದುದರಿಂದ ತರಬೇತಿಯು ಕೆಲಸದ ಜಾಗದಲ್ಲಿಯೇ ನಡೆಯಬೇಕು. ಆರಂಭದಲ್ಲಿ ತರಬೇತುದಾರರೊಬ್ಬರು ಜೊತೆಗಿದ್ದು, ಕ್ರಮೇಣ ದೂರ ಸರಿಯುತ್ತಾರೆ. ಬಸ್ಸು ಹಿಡಿಯುವುದು, ವೇಳೆ ಪಾಲಿಸುವುದು, ತಿಳಿಯದಿದ್ದಾಗ ಕೇಳುವುದು, ಸಂಬಳದ ಹಣವನ್ನು ನಿರ್ವಹಿಸುವುದು ಸಹ ತರಬೇತಿಯ ಭಾಗಗಳೇ.

ಮಾಲೀಕರ ಹೊಣೆ

ಒಂದು ಬಾರಿಗೆ ಒಂದೇ ಸೂಚನೆ ನೀಡಿರಿ. ಬಾಯಿಮಾತಿಗಿಂತ ಮಾಡಿ ತೋರಿಸುವುದು ಮೇಲು. ಸೂಚನೆ ನೀಡುವವರು ಒಬ್ಬರೇ ಇರಲಿ. ಪಾಳಿ ಅಥವಾ ಕೆಲಸ ಬದಲಾಗುವುದಿದ್ದರೆ ಮುಂಚಿತವಾಗಿ ತಿಳಿಸಿರಿ. ಸಹೋದ್ಯೋಗಿಗಳ ಗೇಲಿಗೆ ಆಸ್ಪದವಿರಬಾರದು. ವೇತನವು ದಾನವಲ್ಲ, ಇತರರಿಗೆ ಅನ್ವಯಿಸುವ ಕನಿಷ್ಠ ವೇತನ ಇವರಿಗೂ ಸಲ್ಲಬೇಕು.

2017ರಲ್ಲಿ ಹುಬ್ಬಳ್ಳಿಯಲ್ಲಿ ಆರಂಭವಾದ ಮಿಟ್ಟಿ ಕೆಫೆಯನ್ನು ಬೌದ್ಧಿಕ ವಿಕಲತೆಯುಳ್ಳವರೂ ಸೇರಿದಂತೆ ವಿಕಲಚೇತನರೇ ನಡೆಸುತ್ತಾರೆ. 2023ರಲ್ಲಿ ಅದರ ಶಾಖೆಯೊಂದು ಸರ್ವೋಚ್ಚ ನ್ಯಾಯಾಲಯದ ಆವರಣದಲ್ಲಿ ತೆರೆಯಿತು. ಇದು ಗ್ರಾಹಕರ ಎದುರಿನಲ್ಲಿ ನಡೆಯುವ ಕೆಲಸವೆಂಬುದು ಗಮನಾರ್ಹ.

ನಿಮ್ಮ ಘಟಕದಲ್ಲಿ ಪದೇ ಪದೇ ಒಂದೇ ರೀತಿ ಮಾಡಬೇಕಾದ, ಅಪಾಯವಿಲ್ಲದ ಕೆಲಸವೊಂದನ್ನು ಗುರುತಿಸಿರಿ. ಸಮೀಪದ ವಿಶೇಷ ಶಾಲೆಯ ಶಿಕ್ಷಕರನ್ನು ಕರೆದು ತೋರಿಸಿರಿ. ಯಾರಿಗೆ ಅದು ಒಗ್ಗುವುದೆಂಬುದನ್ನು ಅವರು ಬಲ್ಲರು.