ಬಂದ ಜಾಲಿ, ಕಳಿಸಬೇಕೆಂಬ ಚಿಗರಿ

ಕೊಪ್ಪಳ ಜಿಲ್ಲೆಯ ನವಲಿಯಿಂದ ಪಶ್ಚಿಮಕ್ಕೆ ಹೊರಟು ಕುಷ್ಟಗಿ ದಾಟಿ ಯಲಬುರ್ಗಾದ ಎರೆ ಹೊಲಗಳವರೆಗೆ ಹೋದವರು ಎರಡು ಜೀವಿಗಳ ಮೇಲಿನ ದೂರು ಕೇಳದೆ ಮರಳುವುದಿಲ್ಲ. ಒಂದು ಬಳ್ಳಾರಿ ಜಾಲಿ. ಇನ್ನೊಂದು ಚಿಗರಿ, ಅಂದರೆ ಕೃಷ್ಣಮೃಗ. ಜಾಲಿಯನ್ನು ಸಮುದ್ರದಾಚೆಯಿಂದ ತಂದು ಹಚ್ಚಿದರು. ಈಗ ಕಡಿದರೂ ಹೋಗುತ್ತಿಲ್ಲ. ಚಿಗರಿ ಈ ನೆಲದ್ದೇ. ಹಿಂಗಾರಿಯ ಕಡಲೆ, ಜೋಳ ಮೊಳಕೆಯಲ್ಲೇ ಮೇಯ್ದು ಹೋಗುತ್ತದೆ, ಹಿಡಿದು ಬೇರೆಲ್ಲಾದರೂ ಬಿಡಿ ಎಂಬುದು ರೈತರ ಬೇಡಿಕೆ. ಬೆಳೆ ಕಳೆದುಕೊಂಡವರ ಸಿಟ್ಟು ನ್ಯಾಯವಾದದ್ದು. ಆದರೆ ಒಂದು ಜೀವಿಯನ್ನು ಒಂದು ನೆಲದಿಂದ ಎತ್ತಿ ಇನ್ನೊಂದು ನೆಲದಲ್ಲಿ ಇಟ್ಟಾಗ ಏನಾಗುತ್ತದೆ ಎಂಬುದಕ್ಕೆ ಸುಮಾರು ನೂರೈವತ್ತು ವರ್ಷಗಳ ಪಾಠ ಇದೇ ಸೀಮೆಯ ಬದುಗಳಲ್ಲಿ ಬೇರುಬಿಟ್ಟು ನಿಂತಿದೆ. ಚಿಗರಿಯ ಮಾತಿಗೆ ಮೊದಲು ಅದನ್ನು ನೋಡಬೇಕು.

ಬಳ್ಳಾರಿ ಜಾಲಿಯ ತವರು ಮೆಕ್ಸಿಕೊ, ಮಧ್ಯ ಅಮೆರಿಕ, ಕೆರಿಬಿಯನ್ ದ್ವೀಪಗಳು ಮತ್ತು ದಕ್ಷಿಣ ಅಮೆರಿಕದ ಉತ್ತರ ಭಾಗ. 1876ರಲ್ಲಿ ಮದ್ರಾಸ್ ಪ್ರಾಂತ್ಯದ ಅರಣ್ಯಾಧಿಕಾರಿಯಾಗಿದ್ದ ಬೆಡ್ಡೋಮ್ ಒಣಸೀಮೆಯ ಸೌದೆಯ ಬರ ನೀಗಿಸಲು ಈ ಮರದ ಬೀಜ ತರಿಸಿಕೊಡುವಂತೆ ಕೇಳಿದ. ಬೀಜ ಜಮೈಕಾದಿಂದ ಬಂತು. 1877ರಲ್ಲಿ ಕಡಪ ಜಿಲ್ಲೆಯ ಕಮಲಾಪುರಂನಲ್ಲಿ ಅದನ್ನು ಬಿತ್ತಿದರು. ಆಗ ಬಳ್ಳಾರಿಯೂ ಅದೇ ಪ್ರಾಂತ್ಯದ ಜಿಲ್ಲೆ. ಅದು ದಕ್ಷಿಣ ಭಾರತವನ್ನು ಭೀಕರ ಬರಗಾಲ ಹಿಂಡುತ್ತಿದ್ದ ಕಾಲ. ನೀರಿಲ್ಲದೆ ಬೆಳೆಯುವ, ಕಡಿದಷ್ಟೂ ಚಿಗುರುವ, ಒಲೆಗೆ ಒಳ್ಳೆಯ ಕಾವು ಕೊಡುವ ಮರವೊಂದು ಸಿಕ್ಕಿತೆಂದು ಸಂತೋಷಪಟ್ಟವರನ್ನು ಇಂದು ಮೂರ್ಖರೆನ್ನುವುದು ಸರಿಯಲ್ಲ. ಅವರು ಕೇಳಿಕೊಂಡ ಗುಣಗಳೆಲ್ಲ ಅದರಲ್ಲಿ ಇದ್ದವು. ಮರ ತನ್ನ ಊರಲ್ಲಿ ಯಾವ ಹುಳು, ಯಾವ ರೋಗ, ಯಾವ ನೆರೆಹೊರೆಯ ಗಿಡಗಳ ನಡುವೆ ಹದ್ದುಬಸ್ತಿನಲ್ಲಿತ್ತು ಎಂಬುದನ್ನು ಮಾತ್ರ ಯಾರೂ ಕೇಳಲಿಲ್ಲ. ಬೀಜ ಹಡಗು ಹತ್ತಿತು, ಅದನ್ನು ತಡೆಯುತ್ತಿದ್ದ ಜೀವಿಗಳು ದಡದಲ್ಲೇ ಉಳಿದವು.

ಬೇಸಿಗೆಯಲ್ಲಿ ಜಾಲಿ ಕಂಟಿಯ ಹತ್ತಿರ ನಿಂತು ಒಂದು ಕಾಯಿ ಬಿಡಿಸಿ ನೋಡಿ. ಗೇಣುದ್ದದ ಹಳದಿ ಕಾಯಿ, ತುಸು ಬಾಗಿರುತ್ತದೆ. ಒಳಗೆ ಅಂಟಂಟು ತಿರುಳು. ನಾಲಿಗೆಗೆ ಹಚ್ಚಿದರೆ ಸಿಹಿ. ಆ ತಿರುಳಿನ ನಡುವೆ ಸಾಲಾಗಿ ಬೀಜಗಳು, ಒಂದೊಂದಕ್ಕೂ ಉಗುರಿಗೆ ಬಗ್ಗದ ಗಟ್ಟಿ ಕವಚ. ಎಲೆಯ ಕಥೆ ಇದಕ್ಕೆ ಪೂರ್ತಿ ಉಲ್ಟಾ. ಅದರಲ್ಲಿ ಟ್ಯಾನಿನ್ ಮತ್ತು ಕಹಿ ಕ್ಷಾರವಸ್ತುಗಳು ತುಂಬಿರುವುದರಿಂದ ಹಸಿದ ಆಡೂ ಸಾಮಾನ್ಯವಾಗಿ ಮೂತಿ ಹಚ್ಚುವುದಿಲ್ಲ. ಮರ ತನ್ನ ಎಲೆ ಕಾಪಾಡಿಕೊಂಡು ಕಾಯಿಯನ್ನು ಮಾತ್ರ ಉಣ್ಣಲು ಕೊಡುತ್ತದೆ. ಕುರಿ, ದನ ಕಾಯಿ ತಿನ್ನುತ್ತವೆ, ಎಷ್ಟೋ ಬೀಜಗಳು ಹೊಟ್ಟೆಯಲ್ಲಿ ಕರಗದೆ ಹೊರಬೀಳುತ್ತವೆ. ಹೊಟ್ಟೆಯ ಆಮ್ಲ ಕವಚವನ್ನು ತುಸು ಸವೆಸಿ ಮೊಳಕೆಗೆ ದಾರಿ ಮಾಡಿಕೊಟ್ಟಿರುತ್ತದೆ; ಸುತ್ತಲೂ ಸಗಣಿ, ಹಿಕ್ಕೆಯ ಗೊಬ್ಬರ ಸಿದ್ಧವಿರುತ್ತದೆ. ಹೊಲದಲ್ಲಿ ಕುರಿ ನಿಲ್ಲಿಸಿ ಗೊಬ್ಬರ ಮಾಡಿಸಿಕೊಳ್ಳುವ ಹಳೆಯ, ಒಳ್ಳೆಯ ಪದ್ಧತಿಯೇ ಜಾಲಿಗೆ ಊರಿಂದೂರಿಗೆ ಹೋಗುವ ದಾರಿಯೂ ಆಯಿತು.

ನೆಲದೊಳಗೆ ಅದು ಇನ್ನೂ ಗಟ್ಟಿ. ಅಮೆರಿಕದ ಅರಿಜೋನಾದಲ್ಲಿ ಗಣಿ ಅಗೆಯುವಾಗ ಇದರ ಹತ್ತಿರದ ಸಂಬಂಧಿ ಮರವೊಂದರ ಬೇರು ಸುಮಾರು 53 ಮೀಟರ್ ಆಳದಲ್ಲಿ ಸಿಕ್ಕ ದಾಖಲೆಯಿದೆ. ಬುಡ ಕಡಿದರೆ ಒಂದು ಕಾಂಡದ ಜಾಗದಲ್ಲಿ ಹತ್ತಾರು ಚಿಗುರು ಏಳುತ್ತವೆ; ಮರವಾಗಿದ್ದದ್ದು ಪೊದೆಯಾಗುತ್ತದೆ, ಮುಳ್ಳು ನೆಲಮಟ್ಟಕ್ಕೆ ಇಳಿಯುತ್ತದೆ. ಹೀಗೆ ಕೆರೆಯ ಅಂಗಳ, ಹಳ್ಳದ ದಂಡೆ, ಗಾಯರಾಣ, ಕಾಲುವೆಯ ಏರಿ ಒಂದೊಂದಾಗಿ ಅದರ ಪಾಲಾದವು. ನಮ್ಮದೇ ನೆಲದ ಇದರ ನೆಂಟ ಯಾರು ಗೊತ್ತೆ? ದಸರೆಯಲ್ಲಿ ಪೂಜೆ ಮಾಡುವ ಬನ್ನಿ. ಸಸ್ಯಶಾಸ್ತ್ರಜ್ಞರು ಇವೆರಡನ್ನೂ ಬಹುಕಾಲ ಪ್ರೊಸೋಪಿಸ್ ಎಂಬ ಒಂದೇ ಕುಲದಲ್ಲಿ ಇಟ್ಟಿದ್ದರು. 2022ರಲ್ಲಿ ಬಳ್ಳಾರಿ ಜಾಲಿಯನ್ನು ನೆಲ್ಟುಮಾ ಎಂಬ ಬೇರೆ ಕುಲಕ್ಕೆ ಸೇರಿಸಿದರು. ಬನ್ನಿ ಹೊಲದ ನಡುವೆ ಒಂಟಿಯಾಗಿ ನಿಂತು ತನ್ನ ನೆರಳಲ್ಲೂ ಬೆಳೆ ಬೆಳೆಯಲು ಬಿಡುತ್ತದೆ. ಜಾಲಿಯ ದಟ್ಟ ಪೊದೆಯ ಕೆಳಗೆ ಹುಲ್ಲು ಕಾಣುವುದೇ ಅಪರೂಪ.

ಗುಜರಾತಿನ ಕಚ್‌ನಲ್ಲಿ ಇದೇ ನಡೆದಿದೆ. ಉಪ್ಪು ಮರುಭೂಮಿ ಮುಂದುವರಿಯದಂತೆ ತಡೆಯಲೆಂದು 1960ರ ದಶಕದಲ್ಲಿ ಬನ್ನಿ ಎಂದೇ ಹೆಸರಿರುವ ಹುಲ್ಲುಗಾವಲಿನಲ್ಲಿ ಅರಣ್ಯ ಇಲಾಖೆಯೇ ಜಾಲಿ ನೆಟ್ಟಿತು. ಏಷ್ಯಾದ ದೊಡ್ಡ ಹುಲ್ಲುಗಾವಲುಗಳಲ್ಲಿ ಒಂದಾದ ಅದರ ಬಹುಭಾಗ ಇಂದು ಜಾಲಿ ಪೊದೆ. ಕೀನ್ಯಾದ ಬರಿಂಗೊ ಪ್ರದೇಶದ ಪಶುಪಾಲಕರು ಇದೇ ಜಾತಿಯ ಮರ ತಂದು ನೆಟ್ಟ ಸರ್ಕಾರದ ಮೇಲೆ ಮೊಕದ್ದಮೆ ಹೂಡಿದರು. ಸಿಹಿ ಕಾಯಿ ತಿಂದು ತಿಂದು ಹಲ್ಲು ಉದುರಿದ ಆಡೊಂದನ್ನು ಸಾಕ್ಷಿಯಾಗಿ ನ್ಯಾಯಾಲಯಕ್ಕೇ ತಂದಿದ್ದರು.

ಇಷ್ಟೆಲ್ಲ ಹೇಳಿದ ಮೇಲೆ ಇನ್ನೊಂದು ಮಾತನ್ನೂ ಹೇಳಲೇಬೇಕು. ಈ ಸೀಮೆಯಲ್ಲಿ ಭೂಮಿ ಇಲ್ಲದ ಎಷ್ಟೋ ಮನೆಗಳ ಒಲೆ ಉರಿದದ್ದು ಜಾಲಿ ಕಟ್ಟಿಗೆಯಿಂದ. ಇದ್ದಲು ಸುಟ್ಟು ಬದುಕಿದವರಿದ್ದಾರೆ. ಹೊಲಕ್ಕೆ ಬೇಲಿ ಅದೇ. ಆದ್ದರಿಂದ ಜಾಲಿಯನ್ನು ಬುಡಸಮೇತ ಕೀಳಬೇಕೆನ್ನುವವರು ಆ ಮನೆಗಳ ಒಲೆಗೆ ಬೇರೇನು ಎಂಬುದಕ್ಕೂ ಉತ್ತರ ಕೊಡಬೇಕು. ಹೊರಗಿನಿಂದ ಬಂದ ಜೀವಿ ಒಂದು ನೆಲದಲ್ಲಿ ನೂರು ವರ್ಷ ಕಳೆದರೆ ಅದರ ಸುತ್ತ ಜನರ ಬದುಕು ಹೆಣೆದುಕೊಳ್ಳುತ್ತದೆ, ಆಮೇಲೆ ತೆಗೆಯುವುದೂ ಒಂದು ಸ್ಥಳಾಂತರವೇ.

ಇನ್ನು ಚಿಗರಿ. ಅದು ಕಾಡಿನ ಪ್ರಾಣಿಯಲ್ಲ, ಬಯಲಿನದು. ಅದರ ರಕ್ಷಣೆಯೆಲ್ಲ ಎರಡೇ ಸಂಗತಿಯ ಮೇಲೆ ನಿಂತಿದೆ: ದೂರ ಕಾಣುವ ಕಣ್ಣು, ಓಡುವ ಕಾಲು. ಪೊದೆ ಬೆಳೆದ ಜಾಗದಲ್ಲಿ ಎರಡೂ ಕೆಲಸಕ್ಕೆ ಬರುವುದಿಲ್ಲ. ಗಾಯರಾಣದ ಹುಲ್ಲು ಜಾಲಿಯ ಕೆಳಗೆ ಮುಚ್ಚಿಹೋದರೆ, ಉಳಿದ ಬಯಲು ಉಳುಮೆಗೆ ಬಿದ್ದರೆ, ಚಿಗರಿಗೆ ಕಣ್ಣಳತೆಯ ಬಯಲು ಎಂದು ಉಳಿಯುವುದು ರೈತನ ಕಡಲೆ ಹೊಲವೇ. ಇಂಥದ್ದನ್ನು ಕರ್ನಾಟಕ ಮೊದಲೂ ಕಂಡಿದೆ. ರಾಣೆಬೆನ್ನೂರಿನಲ್ಲಿ 119 ಚದರ ಕಿಲೋಮೀಟರಿನ ಕೃಷ್ಣಮೃಗ ಅಭಯಾರಣ್ಯವನ್ನು 1974ರಲ್ಲಿ ಘೋಷಿಸಿದರು. ಆದರೆ ಅಲ್ಲಿನ ಹುಲ್ಲುಬಯಲಿನ ದೊಡ್ಡ ಭಾಗದಲ್ಲಿ ಆಸ್ಟ್ರೇಲಿಯಾದ ನೀಲಗಿರಿ ಮರದ ನೆಡುತೋಪು ಎದ್ದಿತ್ತು. ಚಿಗರಿ ಮೇವಿಗಾಗಿ ಸುತ್ತಲ ಹೊಲಗಳಿಗೆ ಇಳಿದವು. ಅಲ್ಲಿದ್ದ ಎರೆಭೂತ ಎಂಬ ದೊಡ್ಡ ಹಕ್ಕಿ ಕಣ್ಮರೆಯಾಯಿತು.

ಚಿಗರಿ ಮತ್ತು ಜಾಲಿಯ ನಡುವೆ ಇನ್ನೊಂದು ಸಂಬಂಧವನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕವಿತಾ ಈಶ್ವರನ್ ಮತ್ತು ಸಂಗಡಿಗರು ಅರೆಶುಷ್ಕ ಹುಲ್ಲುಗಾವಲೊಂದರಲ್ಲಿ ಗುರುತಿಸಿ 2013ರಲ್ಲಿ ಪ್ರಕಟಿಸಿದರು. ಗಂಡು ಚಿಗರಿ ತನ್ನ ಗಡಿ ಕಾಯುತ್ತ ಒಂದೇ ಜಾಗದಲ್ಲಿ ಮತ್ತೆ ಮತ್ತೆ ಹಿಕ್ಕೆ ಹಾಕುತ್ತದೆ. ಅದು ಜಾಲಿ ಕಾಯಿ ತಿಂದಿದ್ದರೆ ಆ ಹಿಕ್ಕೆ ಗುಡ್ಡೆಯೇ ಬೀಜದ ಮಡಿ. ಹೆಣ್ಣುಗಳನ್ನು ಸೆಳೆಯಲು ಗಂಡುಗಳು ಸೇರುವ ತೆರೆದ ಬಯಲಿನಲ್ಲೇ ಜಾಲಿಗೆ ಕಾಲೂರಲು ಜಾಗ ಸಿಗುತ್ತದೆ. ತನ್ನ ಬಯಲನ್ನು ಮುಚ್ಚುವ ಗಿಡವನ್ನು ಚಿಗರಿ ತಾನೇ ಬಿತ್ತುತ್ತದೆ. ಜಾಲಿ ತಿಂದ ಹೊಟ್ಟೆಯ ಚಿಗರಿಗಳನ್ನು ಲಾರಿಯಲ್ಲಿ ತುಂಬಿ ಹೊಸ ಹುಲ್ಲುಗಾವಲಿಗೆ ಬಿಟ್ಟರೆ ಏನೇನು ಜೊತೆಗೆ ಹೋಗುತ್ತದೆ ಎಂಬುದನ್ನು ಇದರಿಂದಲೇ ಊಹಿಸಬಹುದು.

ಹಿಡಿದು ಸಾಗಿಸುವುದು ಅಸಾಧ್ಯವೇನಲ್ಲ. 2025ರಲ್ಲಿ ಮಧ್ಯಪ್ರದೇಶದ ಶಾಜಾಪುರ ಸೀಮೆಯ ಹೊಲಗಳಿಂದ 800ಕ್ಕೂ ಹೆಚ್ಚು ಕೃಷ್ಣಮೃಗಗಳನ್ನು ಹಿಡಿದು ಸಂರಕ್ಷಿತ ಪ್ರದೇಶಗಳಿಗೆ ಬಿಟ್ಟರು. ಆಫ್ರಿಕಾದಲ್ಲಿ ಬೋಮಾ ಎನ್ನುವ ವಿಧಾನ ಅದು: ಬಾಯಿ ಅಗಲ, ಕೊನೆ ಕಿರಿದಾದ ಪರದೆಯ ಓಣಿ ಕಟ್ಟಿ, ಹೆಲಿಕಾಪ್ಟರಿನಿಂದ ಹಿಂಡನ್ನು ಮೆಲ್ಲಗೆ ಅದರೊಳಗೆ ನೂಕಿ, ಓಣಿಯ ತುದಿಯಲ್ಲಿ ನಿಂತ ವಾಹನಕ್ಕೆ ಹತ್ತಿಸುವುದು. ಕೈಯಲ್ಲಿ ಹಿಡಿಯುವುದಕ್ಕಿಂತ ಇದು ಎಷ್ಟೋ ಮೇಲು. ಬೆದರಿ ಸೆಣಸಿದ ಚಿಗರಿಯ ಸ್ನಾಯುಗಳಲ್ಲಿ ಆಮ್ಲ ತುಂಬಿ, ಸ್ನಾಯು ಒಡೆದು, ಆ ವಿಷ ಮೂತ್ರಪಿಂಡಕ್ಕೆ ಇಳಿದು, ಮೈಮೇಲೆ ಒಂದು ಗಾಯವೂ ಇಲ್ಲದೆ ಗಂಟೆಗಳ ನಂತರವೋ ದಿನಗಳ ನಂತರವೋ ಅದು ಸಾಯಬಹುದು. ಕೃಷ್ಣಮೃಗ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಪರಿಚ್ಛೇದದಲ್ಲಿದೆ. ಹೀಗೆ ಸಾಗಿಸಲು ಕೇಂದ್ರ ಸರ್ಕಾರದ ಒಪ್ಪಿಗೆಯೂ ಬೇಕು. ಇಷ್ಟಾದ ಮೇಲೂ, ಖಾಲಿಯಾದ ಹೊಲಸೀಮೆಯಲ್ಲಿ ಮೇವು ಇದ್ದರೆ ಉಳಿದ ಚಿಗರಿಗಳು ಮರಿಹಾಕಿ ಆ ಜಾಗ ತುಂಬುತ್ತವೆ.

ಬಿಟ್ಟ ಪ್ರಾಣಿ ಬಿಟ್ಟಲ್ಲಿ ನಿಲ್ಲುತ್ತದೆ ಎನ್ನುವುದಕ್ಕೂ ಖಾತರಿಯಿಲ್ಲ. 2020ರ ಕೊನೆಗೆ ಗಂಗಾವತಿ ತಾಲ್ಲೂಕಿನ ಆನೆಗೊಂದಿ ಬೆಟ್ಟಗಳಲ್ಲಿ ಚಿರತೆ ಭೀತಿ ಹರಡಿದಾಗ ಬೋನು ಇಟ್ಟು ಹಿಡಿದು ಸಾಗಿಸಬೇಕೆಂಬ ಒತ್ತಾಯ ಸಹಜವಾಗಿಯೇ ಎದ್ದಿತು. ಆದರೆ ಮಹಾರಾಷ್ಟ್ರದ ಜುನ್ನರ್‌ನಲ್ಲಿ 2001ರಿಂದ 2003ರವರೆಗೆ ನೂರಕ್ಕೂ ಹೆಚ್ಚು ಚಿರತೆಗಳನ್ನು ಹಿಡಿದು, ಅವುಗಳಲ್ಲಿ ಹಲವನ್ನು ಬೇರೆ ಕಾಡುಗಳಿಗೆ ಬಿಟ್ಟ ಲೆಕ್ಕವನ್ನು ವಿದ್ಯಾ ಅತ್ರೇಯ ಮತ್ತು ಸಂಗಡಿಗರು ಮುಂದಿಟ್ಟಿದ್ದಾರೆ. ಅಲ್ಲಿ ಮನುಷ್ಯರ ಮೇಲಿನ ದಾಳಿ ವರ್ಷಕ್ಕೆ ಸರಾಸರಿ 4 ಇದ್ದದ್ದು 17ಕ್ಕೆ ಏರಿತು. ಅಪರಿಚಿತ ನೆಲಕ್ಕೆ ಬಿದ್ದ ಚಿರತೆ ಊರಿಗೆ ಮರಳಲು ನೋಡುತ್ತದೆ, ದಾರಿಯಲ್ಲಿ ಜನರ ನಡುವೆ ಹಾಯುತ್ತದೆ. ಅದು ಬಿಟ್ಟುಹೋದ ಜಾಗಕ್ಕೆ ಇನ್ನೊಂದು ಚಿರತೆ ಬರುತ್ತದೆ. ಹಾಸನ ಜಿಲ್ಲೆಯ ಬೇಲೂರಿನಲ್ಲಿ 2023ರ ನವೆಂಬರ್‌ನಲ್ಲಿ ಹಿಡಿದು ಬಂಡೀಪುರದ ಮೂಲೆಹೊಳೆಯಲ್ಲಿ ಬಿಟ್ಟ ಮಖ್ನಾ, ಅಂದರೆ ದಂತವಿಲ್ಲದ ಗಂಡು ಆನೆ ಮೂರು ತಿಂಗಳೊಳಗೆ ವಯನಾಡಿನ ಮಾನಂದವಾಡಿಯಲ್ಲಿ ಒಬ್ಬ ರೈತನನ್ನು ಕೊಂದಿತು. ಕೊರಳಲ್ಲಿ ರೇಡಿಯೊ ಪಟ್ಟಿ ಇತ್ತು. ಹಾಸನದ ಸಂಕಟ ಇನ್ನೊಂದು ರಾಜ್ಯದ ಮನೆಯೊಂದರ ಸಾವಾಯಿತು.

ಹಾಗಾದರೆ ಪ್ರಾಣಿಗಳನ್ನು ಸಾಗಿಸಲೇಬಾರದೆ? ಹಾಗೆ ಹೇಳುವುದು ತಪ್ಪು. ಮಧ್ಯಪ್ರದೇಶದ ಬಾಂಧವಗಢದಲ್ಲಿ 1990ರ ದಶಕದ ಕೊನೆಗೆ ಕಾಡುಕೋಣ ಇಲ್ಲವಾಗಿತ್ತು. 2011ರಿಂದ ಕಾನ್ಹಾದಿಂದ ತಂದು ಬಿಟ್ಟ ಐವತ್ತರ ಹಿಂಡು ಬೆಳೆದು ನೂರು ದಾಟಿತು. ಅಲ್ಲಿ ಆ ಪ್ರಾಣಿ ಹಿಂದೆ ಇತ್ತು, ಜಾಗ ಮತ್ತು ಮೇವು ಉಳಿದಿತ್ತು, ಖಾಲಿಯಾದ ಸ್ಥಾನವೊಂದನ್ನು ತುಂಬುವುದಷ್ಟೇ ಬೇಕಿತ್ತು. ಇಲ್ಲಿ ಬೇಡ ಎಂಬ ಕಾರಣಕ್ಕೆ ಎತ್ತಿಕೊಂಡು ಹೋಗುವುದಕ್ಕೂ ಅಲ್ಲಿ ಬೇಕು ಎಂಬ ಕಾರಣಕ್ಕೆ ಒಯ್ಯುವುದಕ್ಕೂ ಇರುವ ಅಂತರ ಬಹಳ ದೊಡ್ಡದು. ನಮ್ಮಲ್ಲಿ ಕೇಳಿಬರುವ ಬೇಡಿಕೆಗಳೆಲ್ಲ ಮೊದಲ ಬಗೆಯವು.

ನವಲಿಗೆ ಈ ಪ್ರಶ್ನೆ ಸುಮ್ಮನೆ ಓದಿ ಬಿಡುವಂಥದ್ದಲ್ಲ. ತುಂಗಭದ್ರಾ ಜಲಾಶಯದಲ್ಲಿ ಹೂಳು ತುಂಬಿ, ಮೊದಲು ಸುಮಾರು 133 ಟಿಎಂಸಿ ಅಡಿ ಇದ್ದ ಸಾಮರ್ಥ್ಯ 105 ಟಿಎಂಸಿ ಅಡಿಯ ಆಸುಪಾಸಿಗೆ ಇಳಿದಿದೆ. ಆ ಕೊರತೆ ತುಂಬಲು ನವಲಿಯ ಬಳಿ ಸಮತೋಲನ ಜಲಾಶಯ ಕಟ್ಟುವ ಪ್ರಸ್ತಾವ ವರ್ಷಗಳಿಂದ ಇದೆ. ನೀರು ಬೇಕು, ಅದರಲ್ಲಿ ಎರಡು ಮಾತಿಲ್ಲ. ಅಷ್ಟು ದೊಡ್ಡ ಜಲಾಶಯ ನಿಂತರೆ ಊರುಗಳ ಜೊತೆ ಬಯಲಿನ ಜೀವಿಗಳೂ ಜಾಗ ಬಿಡಬೇಕಾಗುತ್ತದೆ. ಗಂಗಾವತಿ ಭಾಗದ ಬಂಕಾಪುರದಲ್ಲಿ 332 ಹೆಕ್ಟೇರಿನ ತೋಳಧಾಮ ಘೋಷಣೆಯಾಗಿದೆ. ಒಂದು ತೋಳದ ಗುಂಪು ಸುತ್ತಾಡುವ ನೆಲದ ಮುಂದೆ ಆ ವಿಸ್ತೀರ್ಣ ಬಹಳ ಚಿಕ್ಕದು. ಅವು ಧಾಮದ ಹೊರಗಿನ ಹೊಲ, ಗಾಯರಾಣ, ಕುರಿಹಟ್ಟಿಗಳ ನಡುವೆಯೇ ಬದುಕುತ್ತವೆ. ನೀರು ಬಂದಾಗ ತೋಳ, ಚಿಗರಿಗಳು ಯಾವ ದಿಕ್ಕಿಗೆ ಹೋದಾವು, ಆ ದಿಕ್ಕಿನ ಊರುಗಳ ಪಾಡೇನು ಎಂಬುದನ್ನು ಕಾಲುವೆಯ ನಕ್ಷೆಯಷ್ಟೇ ಗಂಭೀರವಾಗಿ ಲೆಕ್ಕ ಹಾಕಬೇಕು.

ಅದಕ್ಕೂ ಮೊದಲು ಮಾಡಬಹುದಾದ ಒಂದು ಕೆಲಸಕ್ಕೆ ಹೆಲಿಕಾಪ್ಟರ್ ಬೇಡ. ಯಲಬುರ್ಗಾ, ಕುಷ್ಟಗಿ, ಕೊಪ್ಪಳದ ಪಂಚಾಯಿತಿಗಳು ತಮ್ಮ ಗಾಯರಾಣಗಳಲ್ಲಿ ಒಂದೊಂದನ್ನು ಆಯ್ದು, ಜಾಲಿಯನ್ನು ಕಾಯಿ ಬಿಡುವ ಮೊದಲೇ ಬೇರುಸಮೇತ ತೆಗೆಸಿ, ಕಟ್ಟಿಗೆಯನ್ನು ಭೂಮಿ ಇಲ್ಲದವರಿಗೆ ಕೊಟ್ಟು, ಅಲ್ಲಿ ನಾಡ ಹುಲ್ಲು ಬಿತ್ತಲಿ. ಹೊಸ ಚಿಗುರನ್ನು ನಾಲ್ಕೈದು ವರ್ಷ ಬಿಡದೆ ಕೀಳಬೇಕು. ಒಂದು ಮಳೆಗಾಲ ಮರೆತರೂ ಕೆಲಸ ಮೊದಲಿಗೇ ಬರುತ್ತದೆ. ಅಲ್ಲಿಯವರೆಗೆ ಬೆಳೆ ಹಾನಿಯ ಪರಿಹಾರ ತಡವಿಲ್ಲದೆ ರೈತನ ಕೈಸೇರಲಿ. ಅರಣ್ಯ ಇಲಾಖೆ, ಕೃಷಿ ಇಲಾಖೆ, ಗ್ರಾಮ ಪಂಚಾಯಿತಿ ಮೂವರೂ ಒಟ್ಟಿಗೆ ಕುಳಿತು ಈ ಹಿಂಗಾರಿಗೇ ಇದನ್ನು ಶುರು ಮಾಡಲಿ.